ಬಾಣ, ಕೈ, ಕಡ್ಡಿ, ಬಳೆ

ಹಾಸ್ಟೆಲ್‌ನಲ್ಲಿ ಯಾರಾದ್ರೂ ನಿಮ್ಮ ಊರು ಯಾವುದು ಅಂತ ಕೇಳಿ, ನಾನು ‘ಹೊನ್ನಾಳಿ’ ಅಂದ್ರೆ ಸಾಕು, ಎದುರಿನಿಂದ ‘ಓಹೋ, ಹೊನ್ನಾಳಿ ಹೊಡ್ತ!’ ಅಂತ ಬಂದೇ ಬರುತ್ತೆ. ತುಂಗಭದ್ರೆ, ಹಿರೇಕಲ್ಮಠ, ಭತ್ತದ ಗದ್ದೆ ಯಾವುದೂ ಯಾರಿಗೂ ನೆನಪಾಗಲ್ಲ. ಹೊಡ್ತ ಒಂದೇ. ಇರಲಿ ಬಿಡಿ. ನಾನು ಈಗ ಬರೆಯಲು ಕೂತಿರುವುದೂ ಒಂದು ಥರದ ಹೊಡ್ತದ ಬಗ್ಗೆಯೇ. ವೆಬ್ ಪುಟ ಏನೂ ಹೇಳದೆ ಸುಮ್ಮನೆ ಕೂತಾಗ, ಕೆಲಸ ಆಯ್ತೋ ಇಲ್ವೋ ತಿಳಿಯದೆ, ಪಾಪದ ಮೌಸ್ ಮೇಲೆ ನಾವೆಲ್ಲ ಟಕ್ ಟಕ್ ಟಕ್ ಅಂತ ಹಾಕ್ತೀವಲ್ಲ, ಆ ಹೊಡ್ತ.

ಇದು ಶುರುವಾಗಿದ್ದು ನಮ್ಮ ಕನ್ನಡ ಬಳಗದಿಂದಲೇ. ರಾಜ್ಯೋತ್ಸವ ಸಂಚಿಕೆಗೆ ಪತ್ರಿಕೆಯ ತಾಣಕ್ಕೆ ಹೊಸ ರೂಪ ಕೊಡೋಣ ಅಂತ ಸಭೆ ಸೇರಿದ್ವಿ. ಬಣ್ಣ, ಅಕ್ಷರ, ಮುಖಪುಟ ಎಲ್ಲ ಮಾತಾಗಿ ಮುಗಿದ ಮೇಲೆ ಒಬ್ಬ ಸೀನಿಯರ್, ‘ಮೌಸ್ ಬಾಣ ಬೋರಿಂಗ್ ಮಗಾ, ಅದರ ಜಾಗದಲ್ಲಿ ನವಿಲುಗರಿ ಲೇಖನಿ ಇಟ್ರೆ ಹೇಗಿರುತ್ತೆ?’ ಅಂದರು. ಎಲ್ಲರೂ ಚಪ್ಪಾಳೆ. ಷರತ್ತು ಒಂದೇ: ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಲ್ಲದರಲ್ಲೂ ಒಂದೇ ಥರ ಕಾಣಬೇಕು. ಈ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಾಲಿನ ಸಿಎಸ್‌ಎಸ್, ಅರ್ಧ ಗಂಟೆ ಕೆಲಸ ಅನ್ನುವುದು ಬಳಗದ ಅಂದಾಜು. ಆ ಒಂದು ಸಾಲಿನ ಹಿಂದೆ ಹೋದವರು ಎಲ್ಲೆಲ್ಲಿ ಸುತ್ತಬೇಕಾಗುತ್ತೆ ಅನ್ನೋದನ್ನ ಹೇಳ್ತೀನಿ ಕೇಳಿ.

ವಾಲಿದ ಬಾಣ

‘ಕರ್ಸರ್’ ಅನ್ನುವ ಪದ ಕಂಪ್ಯೂಟರ್‌ಗಿಂತ ಹಳೆಯದು. ಲ್ಯಾಟಿನ್‌ನಲ್ಲಿ ಅದರ ಅರ್ಥ ಓಡುವವನು. ಕ್ಯಾಲ್ಕುಲೇಟರ್ ಬರುವ ಮೊದಲು ಎಂಜಿನಿಯರುಗಳ ಜೇಬಿನಲ್ಲಿ ಇರುತ್ತಿದ್ದ ಸ್ಲೈಡ್ ರೂಲ್ ಗೊತ್ತಲ್ಲ? ಅದರ ಮೇಲೆ ಆಚೀಚೆ ಜಾರುವ, ನಡುವೆ ಕೂದಲೆಳೆಯ ಗೆರೆ ಇರುವ ಪಾರದರ್ಶಕ ಪಟ್ಟಿಗೂ ಕರ್ಸರ್ ಅಂತಲೇ ಹೆಸರು. ಅಂದ್ರೆ ನಮ್ಮ ಅಜ್ಜಂದಿರ ಕಾಲದ ಎಂಜಿನಿಯರುಗಳೂ ಕರ್ಸರ್ ಬಳಸಿದವರೇ.

ಮೌಸನ್ನು ಲೋಕ ನೋಡಿದ್ದು 1968ರ ಡಿಸೆಂಬರ್ 9ರಂದು. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಮ್ಮೇಳನದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅದನ್ನು ಸಭೆಯ ಮುಂದೆ ಓಡಿಸಿ ತೋರಿಸಿದರು. ಅವರ ತಂಡದ ಬಾಣ ನೆಟ್ಟಗೆ ಮೇಲಕ್ಕೆ ಮುಖ ಮಾಡಿತ್ತು. ಅದು ಎಡಕ್ಕೆ ವಾಲಿದ್ದು ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ. 1973ರಲ್ಲಿ ಅಲ್ಲಿ ತಯಾರಾದ ಆಲ್ಟೊ ಕಂಪ್ಯೂಟರ್‌ನಲ್ಲಿ ಕರ್ಸರ್‌ಗೆ ಸಿಕ್ಕ ಜಾಗ 16 ಅಡ್ಡ, 16 ಉದ್ದದ ಚುಕ್ಕಿಗಳು ಮಾತ್ರ. ಅಷ್ಟು ಒರಟು ಚುಕ್ಕಿಗಳಲ್ಲಿ ನೆಟ್ಟಗಿನ ಬಾಣಕ್ಕಿಂತ, ಒಂದು ಬದಿ ನೇರ, ಇನ್ನೊಂದು ಬದಿ 45 ಡಿಗ್ರಿ ಇರುವ ವಾಲಿದ ಬಾಣ ಚೆನ್ನಾಗಿ ಎದ್ದು ಕಾಣುತ್ತಿತ್ತು. ಇವತ್ತು ನಮ್ಮ ಪರದೆಗಳಲ್ಲಿ ಚುಕ್ಕಿಗೆ ಬರವಿಲ್ಲ. ಆದರೂ ಬಾಣ ವಾಲಿಕೊಂಡೇ ಇದೆ, ಯಾಕಂದ್ರೆ ಜನಕ್ಕೆ ಅದೇ ರೂಢಿಯಾಗಿದೆ.

ರೂಢಿ ಅನ್ನುವ ಮಾತು ಇಲ್ಲಿ ಮುಖ್ಯ. 1984ರ ಮ್ಯಾಕಿಂಟಾಷ್‌ನಲ್ಲಿ ‘ಸ್ವಲ್ಪ ತಡಿ’ ಅನ್ನಲು ಪುಟ್ಟ ಕೈಗಡಿಯಾರ ಬರುತ್ತಿತ್ತು. 1987ರ ಹೈಪರ್‌ಕಾರ್ಡ್‌ನಲ್ಲಿ ಓದುತ್ತಾ ಹೋಗಲು ಬೆರಳು ತೋರುವ ಕೈ ಇತ್ತು. ವಿಂಡೋಸ್ ಎಕ್ಸ್‌ಪಿವರೆಗೂ ಮರಳು ಗಡಿಯಾರ, ವಿಸ್ಟಾ ಬಂದ ಮೇಲೆ ನೀಲಿ ಉಂಗುರ. ಚಿತ್ರ ಬೇರೆ ಬೇರೆಯಾದರೂ ಪ್ರತಿಯೊಂದಕ್ಕೂ ಒಂದು ಅರ್ಥ ಗಟ್ಟಿಯಾಯ್ತು. ಓದು ಬರಹ ಬಾರದವರೂ ಕಲಿಯಬಹುದಾದ ನಾಲ್ಕೈದು ‘ಅಕ್ಷರ’ಗಳ ಒಂದು ಲಿಪಿ ಹಾಗೆ ಹುಟ್ಟಿಕೊಂಡಿತು.

ಹ್ಯಾಂಡೋ, ಪಾಯಿಂಟರೋ?

1998ರ ಮೇ ತಿಂಗಳಲ್ಲಿ ಸಿಎಸ್‌ಎಸ್ 2 ಬಂದಾಗ ಅದರಲ್ಲಿ ‘ಕರ್ಸರ್’ ಅನ್ನುವ ಪ್ರಾಪರ್ಟಿಯೂ ಬಂತು. ಲಿಂಕ್ ಮೇಲೆ ಕೈ ಬರಬೇಕು ಅಂದ್ರೆ ‘ಪಾಯಿಂಟರ್’ ಅಂತ ಬರೆಯಿರಿ ಅಂದಿತು ನಿಯಮ. ಆದರೆ ಆಗಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ತನ್ನದೇ ಹೆಸರು ಇಟ್ಟುಕೊಂಡಿತ್ತು: ‘ಹ್ಯಾಂಡ್’. ಅದರ 5.5ನೇ ಆವೃತ್ತಿಯವರೆಗೂ ‘ಪಾಯಿಂಟರ್’ ಅಂದ್ರೆ ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಉಳಿದವಕ್ಕೆ ‘ಹ್ಯಾಂಡ್’ ಅಂದ್ರೆ ಅರ್ಥವಾಗುತ್ತಿರಲಿಲ್ಲ. ಅದಕ್ಕೇ ಆ ಕಾಲದವರು ಎರಡನ್ನೂ ಒಂದರ ಕೆಳಗೆ ಒಂದು ಬರೆಯುತ್ತಿದ್ದರು. ಹಳೇ ಕೋಡ್ ತೆರೆದು ನೋಡಿದ್ರೆ ಈಗಲೂ ಆ ಜೋಡಿ ಸಾಲು ಸಿಗುತ್ತೆ.

ಇದು ಕೆಲಸ ಮಾಡಿದ್ದು ಸಿಎಸ್‌ಎಸ್‌ನ ಒಂದು ಒಳ್ಳೆಯ ಗುಣದಿಂದ. ಅರ್ಥವಾಗದ ಸಾಲು ಬಂದ್ರೆ ಬ್ರೌಸರ್ ಕಿರುಚುವುದಿಲ್ಲ, ಪುಟ ನಿಲ್ಲಿಸುವುದಿಲ್ಲ, ಆ ಒಂದು ಸಾಲನ್ನು ಬಿಟ್ಟು ಮುಂದೆ ಹೋಗುತ್ತೆ. ಸಿ ಪ್ರೋಗ್ರಾಂನಲ್ಲಿ ಒಂದು ಸೆಮಿಕೋಲನ್ ಬಿಟ್ಟು ಕಂಪೈಲರ್ ಕೈಲಿ ಬೈಸಿಕೊಂಡವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಜಗಳ ಅಲ್ಲಿಗೇ ಮುಗಿಯಲಿಲ್ಲ. ನಕ್ಷೆಯನ್ನು ಹಿಡಿದು ಎಳೆಯುವಾಗ ಬರುವ ‘ಗ್ರ್ಯಾಬ್’ ಕೈಯನ್ನೇ ತಗೊಳ್ಳಿ. ಫೈರ್‌ಫಾಕ್ಸ್ ತನ್ನ ಹೆಸರಿನ ಮುಂಗುರುತು ಸೇರಿಸಿ ಒಂದು ಥರ ಬರೆಸಿತು, ವೆಬ್‌ಕಿಟ್ ಬ್ರೌಸರ್‌ಗಳು ತಮ್ಮ ಮುಂಗುರುತಿನ ಜೊತೆ ಇನ್ನೊಂದು ಥರ. ಎಕ್ಸ್‌ಪ್ಲೋರರ್ ಕೊನೆವರೆಗೂ ಅದನ್ನು ಕಲಿಯಲೇ ಇಲ್ಲ. ಹಾಗಾಗಿ ನಕ್ಷೆಯ ತಾಣಗಳು ಬಿಚ್ಚಿದ ಕೈ, ಮುಚ್ಚಿದ ಕೈಗಳ ಚಿತ್ರದ ಕಡತಗಳನ್ನು ತಾವೇ ಕಳುಹಿಸುತ್ತಿದ್ದವು. ಈ ಪದಗಳನ್ನೆಲ್ಲ ಒಂದೆಡೆ ಸೇರಿಸಿದ ನಿಯಮಾವಳಿ ಅಧಿಕೃತ ಶಿಫಾರಸು ಆಗಿದ್ದು 2018ರ ಜೂನ್‌ನಲ್ಲಿ. ಎಕ್ಸ್‌ಪ್ಲೋರರ್ ನಿವೃತ್ತಿಯಾಗಿದ್ದು 2022ರ ಜೂನ್ 15ಕ್ಕೆ. ಅಂದ್ರೆ 24 ವರ್ಷ ಬೇಕಾಯ್ತು.

ಇಲ್ಲೊಂದು ವಿಷಯ ಗಮನಿಸಿ. ಆ ನಿಯಮಾವಳಿ ಅರ್ಥವನ್ನಷ್ಟೇ ಹೇಳುತ್ತೆ. ಕೈ ಎಷ್ಟು ದಪ್ಪ, ಯಾವ ಬಣ್ಣ, ತೋಳಿಗೆ ಬಟ್ಟೆ ಇದೆಯೋ ಇಲ್ಲವೋ ಅನ್ನುವುದು ಆಯಾ ಆಪರೇಟಿಂಗ್ ಸಿಸ್ಟಂಗೆ ಬಿಟ್ಟಿದ್ದು. ‘ಇದು ಲಿಂಕ್’ ಅಂತ ನಾವು ಹೇಳಬೇಕು, ಅದನ್ನ ಹೇಗೆ ತೋರಿಸಬೇಕು ಅನ್ನೋದು ಕೂತು ನೋಡುವವರ ಯಂತ್ರಕ್ಕೆ ಸೇರಿದ್ದು. ಈ ಹಂಚಿಕೆ ಯಾಕೆ ಹೀಗಿದೆ ಅಂತ ನನಗೆ ಪಠ್ಯಪುಸ್ತಕದಿಂದ ತಿಳಿಯಲಿಲ್ಲ. ಅದಕ್ಕೆ ಊರಿಗೇ ಹೋಗಬೇಕಾಯ್ತು.

ನವಿಲುಗರಿಯ ಲೆಕ್ಕ

ಊರಿಗೆ ಹೋಗುವ ಮುಂಚೆ ಗರಿಯ ಕೆಲಸ ಎಲ್ಲಿಗೆ ಬಂತು ಅಂತ ಹೇಳಿಬಿಡ್ತೀನಿ, ಮಿನಿ ಪ್ರಾಜೆಕ್ಟ್ ಮಾಡುವವರಿಗೆ ಉಪಯೋಗಕ್ಕೆ ಬರಬಹುದು.

ಬಳಗದ ಗೆಳತಿಯೊಬ್ಬಳು ಗರಿ ಬಿಡಿಸಿದಳು. ತುಂಬಾ ಚೆನ್ನಾಗಿತ್ತು. 160 ಪಿಕ್ಸೆಲ್ ಎತ್ತರ. ಕ್ರೋಮ್‌ಗೂ ಫೈರ್‌ಫಾಕ್ಸ್‌ಗೂ ಹಾಕಿದ್ರೆ ಏನೂ ಆಗಲಿಲ್ಲ. ಎರಡೂ 128 ಪಿಕ್ಸೆಲ್‌ಗಿಂತ ದೊಡ್ಡ ಚಿತ್ರವನ್ನು ಕರ್ಸರ್ ಆಗಿ ಒಪ್ಪುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. 64ಕ್ಕೆ ಇಳಿಸಿದ್ವಿ. ಪುಟದ ನಡುವೆ ಗರಿ ಚೆನ್ನಾಗಿ ಹಾರಾಡಿತು. ಅಂಚಿಗೆ ಹೋದ ಕೂಡಲೇ ಕ್ರೋಮ್‌ನಲ್ಲಿ ಗರಿ ಮಾಯ, ಹಳೇ ಬಾಣ ಹಾಜರ್. ಇದು ದೋಷ ಅಲ್ಲ, ಕಾವಲು. ದೊಡ್ಡ ಕರ್ಸರ್ ಚಿತ್ರ ಪುಟದ ಗಡಿ ದಾಟಿ ಬ್ರೌಸರ್‌ನ ವಿಳಾಸಪಟ್ಟಿಯ ಮೇಲೆ, ಅನುಮತಿ ಕೇಳುವ ಪೆಟ್ಟಿಗೆಯ ಮೇಲೆ ಚಾಚಿಕೊಂಡರೆ ಅಲ್ಲಿ ಸುಳ್ಳು ಚಿತ್ರ ತೋರಿಸಿ ಜನಕ್ಕೆ ಮೋಸ ಮಾಡಬಹುದು. ನಿಜವಾದ ಬಾಣ ಒಂದು ಕಡೆ, ಕಾಣುವ ಬಾಣ ಇನ್ನೊಂದು ಕಡೆ ಇಟ್ಟು ಕ್ಲಿಕ್ ಕದಿಯುವ ಕಳ್ಳತನಕ್ಕೆ ‘ಕರ್ಸರ್‌ಜ್ಯಾಕಿಂಗ್’ ಅಂತ ಹೆಸರೇ ಇದೆ. ಅದಕ್ಕೇ 32 ಪಿಕ್ಸೆಲ್ ಮೀರಬೇಡಿ ಅನ್ನುವುದು ಸಾಮಾನ್ಯ ಸಲಹೆ.

32ಕ್ಕೆ ಇಳಿಸಿದ ಮೇಲೆ ಗರಿ ಎಲ್ಲ ಕಡೆ ಕಂಡಿತು. ಆದ್ರೆ ಕ್ಲಿಕ್ ಬೇರೆ ಎಲ್ಲೋ ಬೀಳ್ತಾ ಇತ್ತು. ಕರ್ಸರ್ ಚಿತ್ರದಲ್ಲಿ ಚುಚ್ಚುವ ಬಿಂದು ಒಂದಿರುತ್ತೆ, ಅದಕ್ಕೆ ಹಾಟ್‌ಸ್ಪಾಟ್ ಅಂತಾರೆ. ನಾವು ಹೇಳದಿದ್ರೆ ಬ್ರೌಸರ್ ಚಿತ್ರದ ಎಡ ಮೇಲ್ತುದಿಯನ್ನೇ ಆ ಬಿಂದು ಅಂದುಕೊಳ್ಳುತ್ತೆ. ಬಾಣಕ್ಕೆ ಅದು ಸರಿ. ಆದರೆ ನಮ್ಮ ಲೇಖನಿಯ ಮೊನೆ ಇದ್ದದ್ದು ಎಡ ಕೆಳತುದಿಯಲ್ಲಿ. ಚಿತ್ರದ ಹೆಸರಿನ ಪಕ್ಕದಲ್ಲಿ 2 ಮತ್ತು 30 ಅಂತ ಎರಡು ಅಂಕಿ ಬರೆದ ಮೇಲೆ ಮೊನೆ ಮುಟ್ಟಿದ ಜಾಗದಲ್ಲೇ ಕ್ಲಿಕ್ ಬಿತ್ತು. ಕೊನೆಯಲ್ಲಿ ‘ಆಟೊ’ ಅಂತಲೋ ‘ಪಾಯಿಂಟರ್’ ಅಂತಲೋ ಒಂದು ಮಾಮೂಲಿ ಪದ ಇರಲೇಬೇಕು. ಅದಿಲ್ಲದಿದ್ರೆ ಇಡೀ ಸಾಲೇ ಅಸಿಂಧು. ಚಿತ್ರ ಬರದಿದ್ದಾಗ ಕೈಹಿಡಿಯುವುದು ಆ ಪದವೇ.

ಲ್ಯಾಬಿನ ಉಬುಂಟು ಫೈರ್‌ಫಾಕ್ಸ್, ಹಾಸ್ಟೆಲ್‌ನ ವಿಂಡೋಸ್ ಕ್ರೋಮ್ ಮತ್ತು ಎಡ್ಜ್, ಗೆಳೆಯನ ಮ್ಯಾಕ್‌ಬುಕ್ಕಿನ ಸಫಾರಿ, ನಾಲ್ಕರಲ್ಲೂ ಗರಿ ಕಂಡಿತು. ಮ್ಯಾಕ್‌ನ ಒತ್ತು ಚುಕ್ಕಿಯ ಪರದೆಯಲ್ಲಿ ಅಂಚು ಸ್ವಲ್ಪ ಮಸುಕು, ಅದಕ್ಕೆ ದುಪ್ಪಟ್ಟು ಗಾತ್ರದ ಇನ್ನೊಂದು ಚಿತ್ರ ಕೊಡುವ ದಾರಿಯೂ ಇದೆ. ಒಟ್ಟಿನಲ್ಲಿ ಬಳಗ ಕೇಳಿದ್ದು ಸಿಕ್ಕಿತು. ದಸರಾ ರಜೆಗೆ ಊರಿಗೆ ಹೊರಟಾಗ, ಚಿಕ್ಕಮ್ಮನ ಅಂಗಡಿಯ ಹಳೇ ಕಂಪ್ಯೂಟರ್‌ನಲ್ಲೂ ಒಂದು ಸಲ ನೋಡೋಣ ಅಂತ ಕೊಂಡಿ ಹಿಡ್ಕೊಂಡು ಹೋದೆ.

ಚಿಕ್ಕಮ್ಮನ ಅಂಗಡಿ

ಹೊನ್ನಾಳಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ನಮ್ಮ ಚಿಕ್ಕಮ್ಮನ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಒಂದು ಲ್ಯಾಮಿನೇಷನ್ ಮೆಷಿನ್. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಸ್ಕಾಲರ್‌ಶಿಪ್, ಸಿಇಟಿ ಅರ್ಜಿ, ರಿಸಲ್ಟ್ ಪ್ರಿಂಟ್. ಹೊನ್ನಾಳಿ ಕಡೆ ಹಳ್ಳಿಯವರು, ನ್ಯಾಮತಿ ಕಡೆಯವರು, ಸಂತೆಗೆ ಬಂದವರು ಎಲ್ಲ ಬರ್ತಾರೆ. ಚಿಕ್ಕಮ್ಮ ಓದಿದ್ದು ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಅಕ್ಷರ ಕೂಡಿಸಿ ಓದ್ತಾರೆ, ಆದ್ರೆ ಪರದೆ ಮೇಲಿನ ಇಂಗ್ಲಿಷ್‌ನ ಪೂರ್ತಿ ಓದುವ ಪುರುಸೊತ್ತು ಅವರಿಗೂ ಇಲ್ಲ, ಎದುರು ಕೂತವರಿಗೂ ಇಲ್ಲ. ಅವರು ಓದುವುದು ಬಾಣವನ್ನ.

ಅವರದ್ದೇ ಹೆಸರುಗಳಿವೆ. ಮಾಮೂಲಿ ಇದ್ರೆ ಬಾಣ. ಲಿಂಕ್ ಮೇಲೆ ಬಂದ್ರೆ ಕೈ. ಅಕ್ಷರ ಬರೆಯುವ ಜಾಗಕ್ಕೆ ಬಂದ್ರೆ ಕಡ್ಡಿ. ನೀಲಿ ಉಂಗುರ ತಿರುಗಿದ್ರೆ ಬಳೆ. ‘ಕೈ ಬಂದ್ರೆ ಒತ್ತು, ಕಡ್ಡಿ ಬಂದ್ರೆ ಬರಿ, ಬಳೆ ತಿರುಗಿದ್ರೆ ಸುಮ್ಕೆ ಕೂತ್ಕೊ’ ಅಂತ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಗೆ ಹೇಳಿಕೊಟ್ಟಿದ್ದನ್ನ ನಾನೇ ಕೇಳಿದ್ದೀನಿ. ಬ್ರೌಸರ್ ಬಳಸೋದಕ್ಕೆ ಇದಕ್ಕಿಂತ ಚಿಕ್ಕ ಪಾಠ ನಾನು ನೋಡಿಲ್ಲ.

ಹೊಸ ತಾಣ ಬಂದ್ರೆ ಅವರು ಮೊದಲು ಬಾಣವನ್ನ ಪುಟದ ಮೇಲೆಲ್ಲ ನಿಧಾನಕ್ಕೆ ಓಡಿಸ್ತಾರೆ, ಕತ್ತಲಲ್ಲಿ ಗೋಡೆ ಸವರಿ ಸ್ವಿಚ್ ಹುಡುಕೋ ಹಾಗೆ. ಕೈ ಎಲ್ಲಿ ಬರುತ್ತೋ ಅಲ್ಲಿ ಬಾಗಿಲಿದೆ ಅಂತ ಲೆಕ್ಕ. ಒಂದು ಅರ್ಜಿ ತಾಣದಲ್ಲಿ ಮುಂದಿನ ಪುಟಕ್ಕೆ ಹೋಗುವ ಗುಂಡಿಗೆ ಕೈ ಬರುತ್ತಿರಲಿಲ್ಲ. ನೋಡೋಕೆ ಬರೀ ಬಣ್ಣದ ಪಟ್ಟಿ, ಒಳಗೆ ಕ್ಲಿಕ್‌ಗೆ ಕೋಡ್ ಸೇರಿಸಿದ ಒಂದು ಡಿವ್. ಅದರ ಮೇಲೆ ಎಷ್ಟೋ ಸಲ ಹಾದುಹೋದರೂ ಬಾಣ ಬಾಣವೇ. ‘ಇಲ್ಲಿ ದಾರಿ ಇಲ್ಲಪ್ಪ’ ಅಂತ ಚಿಕ್ಕಮ್ಮ ಆ ಅರ್ಜಿದಾರನನ್ನ ಮಾರನೇ ದಿನ ಬಾ ಅಂತ ಕಳಿಸಿದ್ದರು. ಅವನು ಬಂದಿದ್ದು ನ್ಯಾಮತಿ ಕಡೆಯಿಂದ, ಅವತ್ತಿನ ಕೂಲಿ ಬಿಟ್ಟು.

ಇದು ನಮ್ಮ ಅಂಗಡಿಯ ವಿಶೇಷ ಏನಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರ್‌ಗೆ ಬಂದಾಗ, ತಾಲ್ಲೂಕು ಕಚೇರಿಯ ಕಿಯೋಸ್ಕ್‌ಗಳಲ್ಲಿ ರೈತರ ಕಡೆಗೆ ಮುಖಮಾಡಿದ ಎರಡನೇ ಪರದೆ ಇಡುವ ಏರ್ಪಾಡಿತ್ತು. ಒಳಗೆ ಕೂತವರು ಏನು ಮಾಡ್ತಿದ್ದಾರೆ ಅಂತ ಹೊರಗೆ ನಿಂತವರಿಗೂ ಕಾಣಲಿ ಅಂತ. ಒಂದೇ ಕೆಲಸವನ್ನ ಇಬ್ಬರು ಒಟ್ಟಿಗೆ ನೋಡುವುದು ನಮ್ಮ ಕಡೆ ಕಂಪ್ಯೂಟರ್ ಬಳಕೆಯ ಮಾಮೂಲಿ ರೀತಿ. ಚಿಕ್ಕಮ್ಮನ ಪಕ್ಕದ ಸ್ಟೂಲಿನಲ್ಲಿ ಕೂತವರು ಬಾಯಲ್ಲಿ ಹೇಳ್ತಾರೆ, ಕಣ್ಣಲ್ಲಿ ಬಾಣ ಹಿಂಬಾಲಿಸ್ತಾರೆ. ‘ಹಾಂ, ಅದೇ, ಅದೇ ನಮ್ಮ ಸರ್ವೆ ನಂಬರು’ ಅನ್ನೋದು ಬಾಣ ಆ ಸಾಲಿಗೆ ಬಂದಾಗಲೇ.

ಮೂರು ವರ್ಷದಿಂದ ಚಿಕ್ಕಮ್ಮನಿಗೆ ಕಣ್ಣಿನ ತೊಂದರೆ. ಸಕ್ಕರೆ ಕಾಯಿಲೆ ರೆಟಿನಾವರೆಗೂ ಬಂದಿದೆ. ಶಿವಮೊಗ್ಗದಲ್ಲಿ ಎರಡು ಸಲ ಲೇಸರ್ ಆಯ್ತು. ನೋಟದ ನಡುವೆ ಮಬ್ಬು ಉಳಿದಿದೆ. ಬಾಣ ಕಳೆದುಹೋಗೋಕೆ ಶುರುವಾದಾಗ ಅಂಗಡಿ ಮುಚ್ಚಿಬಿಡೋ ಮಾತು ಬಂದಿತ್ತು. ಮನೆಯಲ್ಲಿ ಇಬ್ಬರು ಓದೋ ಮಕ್ಕಳಿದ್ದಾರೆ, ಮಳೆ ಕೈಕೊಟ್ಟ ವರ್ಷ ಗದ್ದೆ ಕೈಹಿಡಿಯಲ್ಲ. ಆಗ ನಾನು ವಿಂಡೋಸ್ 10ರ ಸೆಟ್ಟಿಂಗ್ಸ್‌ನಲ್ಲಿ ಮೌಸ್ ಬಾಣದ ಗಾತ್ರ ದೊಡ್ಡದು ಮಾಡಿ, ಬಣ್ಣ ಹಳದಿ ಮಾಡಿಕೊಟ್ಟಿದ್ದೆ. ಬಣ್ಣ ಬದಲಿಸುವ ಆಯ್ಕೆ ಅದರಲ್ಲಿ 2019ರಿಂದ ಇದೆ. ಪರದೆ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಹಳದಿ ಬಾಣ, ಅಷ್ಟೇ ದಪ್ಪದ ಹಳದಿ ಕೈ. ಬಂದವರೆಲ್ಲ ನಗ್ತಾರೆ. ಚಿಕ್ಕಮ್ಮ ಕೆಲಸ ಮಾಡ್ತಾರೆ.

ಆ ಕಂಪ್ಯೂಟರ್‌ನಲ್ಲಿ ನಮ್ಮ ನವಿಲುಗರಿ ಪುಟ ತೆರೆದೆ. ಹಳದಿ ಬಾಣ ಪುಟದೊಳಗೆ ಕಾಲಿಟ್ಟ ಕ್ಷಣ ಮಾಯವಾಯ್ತು.

‘ಏ, ನನ್ ಬಾಣ ಎಲ್ಲಿ ಹೋತಪ್ಪಾ?’ ಅಂದರು ಚಿಕ್ಕಮ್ಮ.

‘ಅಲ್ಲೇ ಇದೆ ಚಿಕ್ಕಮ್ಮ. ಗರಿ ಆಗೈತೆ ನೋಡಿ, ನಮ್ಮ ಕಾಲೇಜಿನ ಪತ್ರಿಕೇದು.’

ಅವರು ಮುಖ ಪರದೆ ಹತ್ತಿರ ತಂದು, ತಲೆ ಸ್ವಲ್ಪ ಓರೆ ಮಾಡಿ ಹುಡುಕಿದರು. ಮಬ್ಬು ತಪ್ಪಿಸಿ ನೋಡೋಕೆ ಹಾಗೆ ಮಾಡ್ತಾರೆ. ಕೊನೆಗೆ ಸಿಕ್ಕಿತು. ‘ಗರಿ ಚೆನ್ನಾಗೈತೆ’ ಅಂದರು. ‘ಆದ್ರೆ ಇದು ನಿಮ್ ಗರಿ ಆತು, ನನ್ ಬಾಣ ವಾಪಸ್ ಕೊಡು.’

ಆಗಿದ್ದಿಷ್ಟೇ. ದೊಡ್ಡದು ಮಾಡು, ಹಳದಿ ಮಾಡು ಅನ್ನುವ ಸೆಟ್ಟಿಂಗ್ ಅನ್ವಯಿಸುವುದು ಆಪರೇಟಿಂಗ್ ಸಿಸ್ಟಂನ ಸ್ವಂತ ಬಾಣಗಳಿಗೆ. ತಾಣ ತನ್ನದೇ ಚಿತ್ರ ಕೊಟ್ಟರೆ ಬ್ರೌಸರ್ ಆ 32 ಪಿಕ್ಸೆಲ್‌ನ ಚಿತ್ರವನ್ನೇ ತೋರಿಸುತ್ತೆ. ಅಂಗಡಿಯ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ನೋಡಿದೆ, ಎರಡೂ ಒಂದೇ ಥರ. ಬಳಗ ಕೇಳಿದ್ದ ಏಕರೂಪತೆ ಅಲ್ಲೂ ನೂರಕ್ಕೆ ನೂರು ಇತ್ತು.

ಬಳೆ ತಿರುಗದ ಪುಟ

ಅದೇ ರಜೆಯಲ್ಲಿ ಅಂಗಡಿಯಲ್ಲಿ ಕೂತು ಇನ್ನೂ ಒಂದೆರಡು ವಿಷಯ ನೋಡಿದೆ. ಹಣ ಕಟ್ಟುವ ಪುಟವೊಂದರಲ್ಲಿ ಗುಂಡಿ ಒತ್ತಿದ ಮೇಲೆ ಏನೂ ಬದಲಾಗಲ್ಲ. ಬಳೆ ಇಲ್ಲ, ಅಕ್ಷರ ಇಲ್ಲ, ಬಾಣ ಹಾಗೇ ನಿಂತಿರುತ್ತೆ. ಪಕ್ಕದಲ್ಲಿ ಕೂತ ರೈತರು ‘ಇನ್ನೊಂದ್ ಸಲ ಒತ್ತಮ್ಮ, ಹತ್ತಿಲ್ಲ ಅನ್ಸುತ್ತೆ’ ಅಂದರು. ಒತ್ತಿದರು. ಹೊನ್ನಾಳಿ ಹೊಡ್ತ. ಹಣ ಎರಡು ಸಲ ಕಟ್ ಆಯ್ತು. ಎರಡನೆಯದು ವಾಪಸ್ ಬರೋಕೆ ಎಂಟು ದಿನ. ಅಷ್ಟರವರೆಗೆ ಚಿಕ್ಕಮ್ಮ ತಮ್ಮ ಕೈಯಿಂದ ಕೊಟ್ಟು ಕಳಿಸಿದರು, ಯಾಕಂದ್ರೆ ಅಂಗಡಿಯ ಹೆಸರು ಮುಖ್ಯ.

ಇದಕ್ಕೆ ಪರಿಹಾರ ನಮ್ಮ ಮೂರನೇ ಸೆಮಿಸ್ಟರ್ ಮಟ್ಟದ್ದು. ಸಿಎಸ್‌ಎಸ್‌ನಲ್ಲಿ ‘ವೇಟ್’ ಅಂದ್ರೆ ಪೂರ್ತಿ ಕಾಯಿ, ‘ಪ್ರೋಗ್ರೆಸ್’ ಅಂದ್ರೆ ಹಿಂದೆ ಕೆಲಸ ನಡೀತಿದೆ, ನೀನು ಬೇರೆ ಏನಾದ್ರೂ ಮಾಡ್ಕೊ. ಆದ್ರೆ ಬಾಡಿಗೆ ‘ವೇಟ್’ ಹಾಕಿದ್ರೆ ಸಾಲದು. ಕರ್ಸರ್ ತಾಯಿಯಿಂದ ಮಕ್ಕಳಿಗೆ ಇಳಿಯುವ ಗುಣ ನಿಜ, ಆದರೆ ಲಿಂಕಿಗೆ ಕೈ, ಬರೆಯುವ ಪೆಟ್ಟಿಗೆಗೆ ಕಡ್ಡಿ, ಗುಂಡಿಗೆ ಬಾಣ ಅಂತ ಬ್ರೌಸರ್‌ನ ಒಳಗಿನ ಹಾಳೆಯಲ್ಲೇ ಮೊದಲೇ ಬರೆದಿರುತ್ತೆ. ಅವು ತಾಯಿಯ ಮಾತು ಕೇಳಲ್ಲ. ಬಳೆ ತಿರುಗಬೇಕಾದ್ದು ಖಾಲಿ ಜಾಗದಲ್ಲಿ ಮಾತ್ರ ತಿರುಗುತ್ತೆ, ಬೆರಳಿರುವ ಗುಂಡಿಯ ಮೇಲೆ ಅಲ್ಲ. ಹಾಗಾಗಿ ಕಾಯುವ ಹೊತ್ತಿನಲ್ಲಿ ಪುಟದ ಎಲ್ಲ ಅಂಶಗಳಿಗೂ ಆ ನಿಯಮ ಹೋಗುವಂತೆ ಬರೆಯಬೇಕು. ಗುಂಡಿಯನ್ನ ಮೊದಲ ಒತ್ತಿಗೇ ನಿಷ್ಕ್ರಿಯ ಮಾಡಬೇಕು. ‘ಕಳುಹಿಸುತ್ತಿದ್ದೇವೆ, ದಯವಿಟ್ಟು ಕಾಯಿರಿ’ ಅಂತ ಅಕ್ಷರದಲ್ಲೂ ಹೇಳಬೇಕು, ಯಾಕಂದ್ರೆ ಮೊಬೈಲ್‌ನಲ್ಲಿ ಬಾಣವೇ ಇರಲ್ಲ. ಸರ್ವರ್ ಕಡೆಯೂ ಅದೇ ಕೋರಿಕೆ ಎರಡನೇ ಸಲ ಬಂದ್ರೆ ಗುರುತು ಹಿಡಿಯಬೇಕು. ನಾಲ್ಕೂ ಸೇರಿ ಒಂದು ಮಧ್ಯಾಹ್ನದ ಕೆಲಸ. ಇಲ್ಲದಿದ್ರೆ ಯಾರದ್ದೋ ಎಂಟು ದಿನದ ದುಡ್ಡು.

ಇನ್ನೊಂದು ‘ನಾಟ್-ಅಲೋಡ್’, ವೃತ್ತದೊಳಗೆ ಅಡ್ಡಗೆರೆ. ಒಂದು ಖಾನೆ ಖಾಲಿ ಉಳಿದಿದ್ದಕ್ಕೆ ಗುಂಡಿಯ ಮೇಲೆ ಆ ಚಿಹ್ನೆ ಬಂತು. ಪಕ್ಕದಲ್ಲಿದ್ದ ಅಜ್ಜ ಎದ್ದೇ ನಿಂತರು. ‘ರಿಜೆಕ್ಟ್ ಆತೇನಮ್ಮಾ?’ ಅವರಿಗೆ ಅದು ಬಸ್ಸಿನೊಳಗೆ ಬೀಡಿ ಸೇದಬಾರದು ಅನ್ನುವ ಚಿಹ್ನೆಯ ಹಾಗೆ ಕಂಡಿತ್ತು. ಯಾವ ಖಾನೆ ಬಾಕಿ ಇದೆ ಅಂತ ಗುಂಡಿಯ ಪಕ್ಕದಲ್ಲೇ ಒಂದು ಸಾಲು ಕನ್ನಡದಲ್ಲಿ ಇದ್ದಿದ್ರೆ ಅಜ್ಜನಿಗೆ ಆ ಗಾಬರಿ ಬೇಕಿರಲಿಲ್ಲ. ಕೋಡ್ ಬರೆಯುವವರಿಗೆ ಒಂದು ಸಣ್ಣ ಕಿವಿಮಾತು: ಅದೇ ಗುಂಡಿಗೆ ‘ಪಾಯಿಂಟರ್-ಈವೆಂಟ್ಸ್: ನನ್’ ಅಂತಲೂ ಹಾಕಿದ್ರೆ ಈ ಚಿಹ್ನೆ ಕಾಣುವುದೇ ಇಲ್ಲ. ಮೌಸ್‌ಗೆ ಆ ಗುಂಡಿ ಇಲ್ಲವೇ ಇಲ್ಲ ಅಂತ ಹೇಳಿದ ಮೇಲೆ ಅದರ ಮೇಲೆ ಕರ್ಸರ್ ಬದಲಾಗುವ ಮಾತೆಲ್ಲಿ?

ಗುಂಡಿಗೆ ಕೈ ಬರಬೇಕೋ ಬಾಣ ಬರಬೇಕೋ ಅನ್ನುವುದು ಹಳೇ ವಾದ. ಕೈ ಲಿಂಕಿಗೆ ಮಾತ್ರ, ಗುಂಡಿ ನೋಡಿದ್ರೇ ಗುಂಡಿ ಅಂತ ಗೊತ್ತಾಗಬೇಕು ಅನ್ನುವವರಿದ್ದಾರೆ. ನಮ್ಮಲ್ಲಿ ತುಂಬಾ ಜನ ಬಳಸುವ ಟೇಲ್‌ವಿಂಡ್ ಕೂಡ 2025ರ ಜನವರಿಯಲ್ಲಿ ಬಂದ 4ನೇ ಆವೃತ್ತಿಯಲ್ಲಿ ಗುಂಡಿಗಳಿಂದ ಕೈ ತೆಗೆದು ಬ್ರೌಸರ್‌ನ ಬಾಣಕ್ಕೆ ಬಿಟ್ಟಿತು. ಎರಡರಲ್ಲಿ ಯಾವುದಾದ್ರೂ ಇರಲಿ, ಒಂದೇ ತಾಣದೊಳಗೆ ಅರ್ಧ ಗುಂಡಿಗೆ ಕೈ, ಅರ್ಧಕ್ಕೆ ಬಾಣ ಇರಬಾರದು. ನಾನಂತೂ ಗುಂಡಿಗೆ ಕೈಯನ್ನೇ ಹಾಕ್ತೀನಿ. ಗೋಡೆ ಸವರಿ ಸ್ವಿಚ್ ಹುಡುಕುವವರನ್ನ ನೋಡಿದ ಮೇಲೆ ಆ ವಾದ ನನ್ನ ಮಟ್ಟಿಗೆ ಮುಗಿದಿದೆ.

ಬಳಗದ ಸಭೆ

ರಜೆ ಮುಗಿದು ಬಂದ ಮೇಲೆ ಗರಿ ಬೇಡ ಅಂತ ಹೇಳಿದೆ. ಸುಲಭಕ್ಕೆ ಒಪ್ಪಲಿಲ್ಲ. ‘ಒಬ್ಬರಿಗೋಸ್ಕರ ಎಲ್ಲರ ಸೊಬಗು ತೆಗೀಬೇಕಾ?’ ಅನ್ನುವ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಗೆಳತಿ ಮೂರು ರಾತ್ರಿ ಕೂತು ಬಿಡಿಸಿದ ಗರಿ ಅದು. ಇನ್ನೊಬ್ಬ, ‘ದೊಡ್ಡ ಬಾಣ ಇಟ್ಟುಕೊಂಡವರಿಗೆ ಮಾತ್ರ ಗರಿ ತೋರಿಸದ ಹಾಗೆ ಬರೆದ್ರೆ ಆಯ್ತಲ್ಲ’ ಅಂದ.

ಅಲ್ಲೇ ಇರುವುದು ಕಷ್ಟ. ಚಲನೆ ಕಡಿಮೆ ಬೇಕು ಅನ್ನುವವರನ್ನ ಸಿಎಸ್‌ಎಸ್‌ನಲ್ಲಿ ಕೇಳಿ ತಿಳಿಯಬಹುದು. ಕಪ್ಪು ಹಿನ್ನೆಲೆ ಬೇಕು ಅನ್ನುವವರನ್ನ, ಬಣ್ಣಗಳ ನಡುವೆ ಹೆಚ್ಚು ವ್ಯತ್ಯಾಸ ಬೇಕು ಅನ್ನುವವರನ್ನ ತಿಳಿಯಬಹುದು. ಮೌಸ್ ಇದೆಯೋ ಬೆರಳೋ ಅಂತಲೂ ಗೊತ್ತಾಗುತ್ತೆ. ಆದರೆ ಈ ವ್ಯಕ್ತಿ ಬಾಣವನ್ನ ದೊಡ್ಡದು ಮಾಡಿಕೊಂಡಿದ್ದಾರಾ ಅಂತ ಕೇಳುವ ಪ್ರಶ್ನೆ ಸಿಎಸ್‌ಎಸ್‌ನಲ್ಲಿ ಇಲ್ಲ. ಚಿಕ್ಕಮ್ಮನಂಥವರು ಎಷ್ಟು ಜನ ನಮ್ಮ ಪುಟಕ್ಕೆ ಬಂದು ಬಾಣ ಕಳ್ಕೊಂಡು ವಾಪಸ್ ಹೋದರು ಅಂತ ನಮಗೆ ಯಾವತ್ತೂ ಗೊತ್ತಾಗಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಅವರು ‘ಹತ್ತು ಸೆಕೆಂಡ್ ಇದ್ದು ಹೋದವರು’ ಅಷ್ಟೇ.

ಇಷ್ಟು ಹೇಳಿದ ಮೇಲೆ ಗರಿ ಬಿಡಿಸಿದ ಗೆಳತಿಯೇ ದಾರಿ ತೆಗೆದಳು. ಗರಿ ಪತ್ರಿಕೆಯ ಹೆಸರಿನ ಪಕ್ಕಕ್ಕೆ ಹೋಯ್ತು, 160 ಪಿಕ್ಸೆಲ್ ಎತ್ತರದಲ್ಲಿ, ಅವಳು ಮೊದಲು ಬಿಡಿಸಿದ ಹಾಗೇ, ಒಂದೊಂದು ಎಳೆಯೂ ಕಾಣುವಂತೆ. ಕರ್ಸರ್ ಆಗಿದ್ದಾಗ 32ಕ್ಕೆ ಕುಗ್ಗಿ ಬರೀ ಹಸಿರು ಚುಕ್ಕಿ ಆಗಿತ್ತಲ್ಲ, ಅದಕ್ಕಿಂತ ಇದೇ ವಾಸಿ ಅಂದಳು. ಸೀನಿಯರ್ ಮಾತ್ರ ಇನ್ನೂ ಮುನಿಸಿಕೊಂಡೇ ಇದ್ದಾರೆ. ಈ ಲೇಖನ ಓದಿ ಏನಂತಾರೋ ನೋಡಬೇಕು.

ಮುಂದಿನ ತಿಂಗಳು ವೆಬ್ ಲ್ಯಾಬಿನ ಮಿನಿ ಪ್ರಾಜೆಕ್ಟ್ ಡೆಮೊಗಳಿವೆ. ನಾಲ್ಕು ಬ್ರೌಸರ್‌ನಲ್ಲಿ ತೆರೆದು ನೋಡಿ ‘ಎಲ್ಲ ಕಡೆ ಒಂದೇ ಥರ ಇದೆ ಸರ್’ ಅನ್ನುವುದಕ್ಕೆ ಮುಂಚೆ ಇನ್ನೊಂದು ಕೆಲಸ ಮಾಡಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಬಾಣವನ್ನ ಅತಿ ದೊಡ್ಡದು ಮಾಡಿ, ಹಳದಿ ಬಣ್ಣ ಕೊಡಿ. ಆಮೇಲೆ ನಿಮ್ಮ ಪುಟದ ಅಕ್ಷರ ಯಾವುದನ್ನೂ ಓದದೆ, ಬರೀ ಬಾಣ ನೋಡಿಕೊಂಡು, ಮೊದಲ ಪುಟದಿಂದ ಕೊನೆಯ ಪುಟಕ್ಕೆ ಹೋಗೋಕೆ ಆಗುತ್ತಾ ನೋಡಿ. ಎಲ್ಲಿ ಕೈ ಬರಬೇಕಿತ್ತೋ ಅಲ್ಲಿ ಬಂತಾ, ಒತ್ತಿದ ಮೇಲೆ ಬಳೆ ತಿರುಗಿತಾ, ಹಳದಿ ಬಣ್ಣ ಎಲ್ಲಾದ್ರೂ ಮಾಯವಾಯ್ತಾ. ಎರಡು ನಿಮಿಷ ಸಾಕು. ಬೇಕಿದ್ರೆ ಕೊಂಡಿ ನನಗೆ ಕಳಿಸಿ, ಸಂಕ್ರಾಂತಿಗೆ ಊರಿಗೆ ಹೋದಾಗ ಚಿಕ್ಕಮ್ಮನ ಕೈಲಿ ಟೆಸ್ಟ್ ಮಾಡಿಸ್ತೀನಿ. ಅಂಕ ಕೊಡೋದ್ರಲ್ಲಿ ಸ್ವಲ್ಪ ಬಿಗಿ, ಮೊದಲೇ ಹೇಳಿರ್ತೀನಿ.